ಬಾಲವಾಡಿಯ ಪರಿಸರ ಪಾಠ ಯಾವ ಭಾಷೆಯಲ್ಲಿ?

ಜೂನ್ 5 ಬಂತೆಂದರೆ ನಮ್ಮ ಅಂಗನವಾಡಿಗಳಲ್ಲಿ ಗಿಡ ನೆಡುವ ಸಂಭ್ರಮ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನೆನಪಿಗಾಗಿ ಲೋಕವೆಲ್ಲ ಆಚರಿಸುವ ಪರಿಸರ ದಿನವದು. ಪಂಚಾಯತು ಸದಸ್ಯರು ಬರುತ್ತಾರೆ, ಫೋಟೋ ತೆಗೆಯಲಾಗುತ್ತದೆ, ಮೂರು ನಾಲ್ಕು ವರ್ಷದ ಮಕ್ಕಳು ಹಸುರು ಕಾಗದದ ಕಿರೀಟ ತೊಟ್ಟು ಜಿನುಗು ಮಳೆಯಲ್ಲಿ ನಿಲ್ಲುತ್ತಾರೆ. ನೆಟ್ಟ ಗಿಡದ ಹೆಸರೇನೆಂದು ಮರುದಿನ ಆ ಮಕ್ಕಳನ್ನು ಕೇಳಿದರೆ ಎಷ್ಟು ಮಂದಿ ಹೇಳಿಯಾರು? ಹೇಳಿದರೂ ಯಾವ ಭಾಷೆಯಲ್ಲಿ ಹೇಳಿಯಾರು? ಆ ಹೆಸರನ್ನು ಮನೆಯಲ್ಲಿ ಅಜ್ಜಿಯೊಡನೆ ಹೇಳಿದರೆ ಅಜ್ಜಿಗೆ ಅರ್ಥವಾದೀತೇ? ಪುಟ್ಟ ಮಕ್ಕಳ ಪರಿಸರ ಶಿಕ್ಷಣದ ಕುರಿತು ನಡೆಯುವ ಚರ್ಚೆಗಳಲ್ಲಿ ಈ ಕೊನೆಯ ಪ್ರಶ್ನೆಯನ್ನು ಕೇಳುವವರು ವಿರಳ. ನಮ್ಮಂತಹ ಗಡಿನಾಡಿನವರು ಕೇಳದಿದ್ದರೆ ಬೇರೆ ಯಾರೂ ಕೇಳಲಾರರು.

ಗಡಿನಾಡು ಎಂದರೆ ಕಾಸರಗೋಡು ಮಾತ್ರವಲ್ಲವಷ್ಟೆ. ನಮ್ಮ ಸ್ಥಿತಿಯನ್ನೇ ಇನ್ನೊಂದು ಕನ್ನಡಿಯಲ್ಲಿ ನೋಡುವುದಾದರೆ ಮಹಾರಾಷ್ಟ್ರದ ಯೆಣೆಗೂರಿನ ಕಡೆಗೆ ಹೋಗಬೇಕು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ನಳದುರ್ಗದ ಕೋಟೆ ದಾಟಿದ ಮೇಲೆ, ಉಮರ್ಗಾ ಸೇರುವ ಮೊದಲು ಸಿಕ್ಕುವ ಊರದು. ಉಮರ್ಗಾ ತಾಲೂಕು ಈಗ ಧಾರಾಶಿವ ಎಂದು ಕರೆಯಲಾಗುವ ಹಿಂದಿನ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದ್ದು. ಅದರ ಪಕ್ಕದ ನಿಲಂಗಾ, ಉದಗೀರ್ ತಾಲೂಕುಗಳು 1956ರ ತನಕ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ್ ಮೈಸೂರು ರಾಜ್ಯಕ್ಕೆ ಬಂತು, ಈ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಅದೇ 1956ರ ನವಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಡಿದು ಕೇರಳಕ್ಕೆ ಸೇರಿತು. ಒಂದೇ ದಿನ, ಒಂದೇ ಬಗೆಯ ಗೆರೆ. ನಮ್ಮದು ಅಡಿಕೆ ತೋಟದ ನಾಡು, ಅವರದು ಎರೆ ಹೊಲದ ನಾಡು. ಅಷ್ಟು ದೂರದ ಅವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುವುದು ಕಡಿಮೆಯೇ.

ಆ ಸೀಮೆಯ ಊರ ಹೆಸರುಗಳೇ ಒಂದು ಪಾಠ. ಲಾತೂರು ಎಂಬುದು ರಾಷ್ಟ್ರಕೂಟರು ತಮ್ಮ ಮೂಲಸ್ಥಾನವೆಂದು ಬಿರುದಿನಲ್ಲಿ ಹೇಳಿಕೊಳ್ಳುತ್ತಿದ್ದ ಲಟ್ಟಲೂರು. ಯೆಣೆಗೂರಿನ ಕೊನೆಯಲ್ಲಿಯೂ ನಮ್ಮ ‘ಊರು’ ಕುಳಿತಿದೆ. ಆಡಳಿತ ಮರಾಠಿಯದು, ಮನೆಮಾತು ಅನೇಕ ಮನೆಗಳಲ್ಲಿ ಕನ್ನಡ, ಉಳಿದವುಗಳಲ್ಲಿ ಮರಾಠಿ, ಉರ್ದು, ಲಂಬಾಣಿ. ಸಂತೆಯಲ್ಲಿ ಇವೆಲ್ಲವೂ ಜಗಳವಿಲ್ಲದೆ ಬೆರೆತು ಹೋಗುತ್ತವೆ. ದೊಡ್ಡವರಿಗೆ ಅದು ಕಷ್ಟವಲ್ಲ. ಮೂರು ವರ್ಷದ ಮಗುವಿನ ಮಾತು ಬೇರೆ.

ಅಲ್ಲಿನ ಕನ್ನಡ ಮನೆಯ ಮಗುವೊಂದನ್ನು ಕಲ್ಪಿಸಿಕೊಳ್ಳೋಣ. ಅದು ಹೊಲಕ್ಕೆ ಅಜ್ಜನ ಹೆಗಲ ಮೇಲೆ ಹೋಗಿದೆ. ಜೋಳ, ತೊಗರಿ, ಕಡಲೆ, ಕುಸುಬೆ ಗೊತ್ತು. ಬೇವು, ಜಾಲಿ, ಹುಣಸೆ ಗೊತ್ತು. ಗುಬ್ಬಿ ಬಂದು ಎಳೆ ತೆನೆಯನ್ನು ಕುಕ್ಕುವುದು ಗೊತ್ತು. ಎಳೆ ತೆನೆಯನ್ನು ಸುಟ್ಟು ಅಂಗೈಯಲ್ಲಿ ಉಜ್ಜಿದರೆ ಸೀತನಿಯಾಗುವುದೂ ಗೊತ್ತು. ಅಂಗನವಾಡಿಗೆ ಬಂದ ದಿನ ಜೋಳ ‘ಜ್ವಾರಿ’ಯಾಗುತ್ತದೆ, ತೊಗರಿ ‘ತೂರ್’ ಆಗುತ್ತದೆ, ಹುಣಸೆ ‘ಚಿಂಚ್’ ಆಗುತ್ತದೆ, ಗುಬ್ಬಿ ‘ಚಿಮಣಿ’ಯಾಗುತ್ತದೆ, ಸೀತನಿ ‘ಹುರಡಾ’ ಆಗುತ್ತದೆ. ಹೊಸ ಹೆಸರು ಕಲಿಯುವುದರಲ್ಲಿ ಕೇಡೇನೂ ಇಲ್ಲ. ಎರಡು ಭಾಷೆ ಬಲ್ಲ ಮಗು ಬಡವಾಗುವುದಿಲ್ಲ, ಗಡಿನಾಡಿನ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೇಡು ಎಲ್ಲಿರುವುದೆಂದರೆ, ಮಗು ಹೊತ್ತು ತಂದ ಹಳೆಯ ಹೆಸರನ್ನು ಕೇಳಿಸಿಕೊಳ್ಳುವವರು ಅಲ್ಲಿ ಇಲ್ಲದಾಗ. ‘ಗುಬ್ಬಿ’ ಎಂದು ಬೆರಳು ತೋರಿಸಿದ ಮಗುವಿಗೆ ಉತ್ತರ ಬಾರದೆ ಹೋದರೆ ಅದು ನಾಲ್ಕನೆಯ ಸಲ ಬೆರಳು ತೋರಿಸುವುದಿಲ್ಲ. ಗೋಡೆಯ ಪಟವನ್ನು ನೋಡುತ್ತ ಕುಳಿತಿರುತ್ತದೆ. ಪಟದಲ್ಲಿರುವುದು ಹೆಚ್ಚಾಗಿ ಸೇಬು. ಸೇಬು ಯೆಣೆಗೂರಿನಲ್ಲಿಯೂ ಬೆಳೆಯುವುದಿಲ್ಲ, ಮಂಜೇಶ್ವರದಲ್ಲಿಯೂ ಬೆಳೆಯುವುದಿಲ್ಲ. ಆದರೂ ಭಾರತದ ಶಿಶುವಿಹಾರಗಳ ಗೋಡೆಯನ್ನೆಲ್ಲ ಆಳುವ ಹಣ್ಣು ಅದೇ.

ಇಷ್ಟು ಹೇಳಿದೊಡನೆ, ಪರಿಸರ ಪಾಠಕ್ಕೂ ಭಾಷೆಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧ ಬಹಳ ನೇರವಾದುದು. ಆರು ವರ್ಷದೊಳಗಿನ ಮಗುವಿಗೆ ಪರಿಸರವೆಂದರೆ ಓಝೋನ್ ಪದರವಲ್ಲ, ಇಂಗಾಲದ ಲೆಕ್ಕವಲ್ಲ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೊಬೆಲ್ ಎಂಬವರು 1996ರಲ್ಲಿ ಈ ಬಗ್ಗೆ ಒಂದು ಕಿರುಹೊತ್ತಗೆ ಬರೆದು, ಕಾಡಿನ ನಾಶ, ಪ್ರಾಣಿಗಳ ಅಳಿವು ಮುಂತಾದ ದೊಡ್ಡ ದುರಂತಗಳನ್ನು ಎಳೆಯ ಮಕ್ಕಳ ತಲೆಗೆ ತುಂಬಬೇಡಿರೆಂದು ವಾದಿಸಿದರು. ಭಯ ಹುಟ್ಟಿದ ಕಡೆ ಪ್ರೀತಿ ಬೆಳೆಯುವುದಿಲ್ಲವೆಂಬುದು ಅವರ ವಾದದ ತಿರುಳು. ಮೊದಲು ಅಂಗಳ, ಆಮೇಲೆ ಊರು, ಬಹಳ ಆಮೇಲೆ ಭೂಮಂಡಲ. ಅಂಗಳದ ಪಾಠವೆಂದರೆ ಏನು? ಮುಟ್ಟುವುದು, ಮೂಸುವುದು, ರುಚಿ ನೋಡುವುದು, ಹೆಸರು ಹಿಡಿದು ಕರೆಯುವುದು. ಮೊದಲ ಮೂರಕ್ಕೆ ಭಾಷೆ ಬೇಡ. ನಾಲ್ಕನೆಯದಕ್ಕೆ ಬೇಕು, ಮುಟ್ಟಿದ್ದು ಮೂಸಿದ್ದು ನೆನಪಿನಲ್ಲಿ ಉಳಿಯುವುದು ಆ ನಾಲ್ಕನೆಯದರಿಂದ.

‘ಅಂಗನವಾಡಿ’ ಎಂಬ ಶಬ್ದದ ಹುಟ್ಟನ್ನೇ ನೋಡಿರಿ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದರು. ಜೊತೆಗಿದ್ದವರು ಅನುತಾಯಿ ವಾಘ್. ಬಡವರ, ಆದಿವಾಸಿಗಳ ಮಕ್ಕಳು ಶಾಲೆಯ ಕಟ್ಟಡಕ್ಕೆ ಬರಲಿಲ್ಲ. ಮಕ್ಕಳು ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಇವರು ಪಾಠವನ್ನು ಮನೆಯಂಗಳಕ್ಕೆ ಒಯ್ದರು, ಅದೇ ಅಂಗನವಾಡಿ. 1957ರಲ್ಲಿ ಕೋಸಬಾಡ್ ಗುಡ್ಡಕ್ಕೆ ಹೋದ ಮೇಲೆ, ದನ ಮೇಯಿಸಲು ಹೋಗುವ ಮಕ್ಕಳಿಗಾಗಿ ಹುಲ್ಲುಗಾವಲಿಗೇ ಶಾಲೆಯನ್ನು ಒಯ್ದರು. ಮಾಂಟೆಸೊರಿ ಪದ್ಧತಿಯ ಸಾಮಾನು ಕೊಳ್ಳಲು ದುಡ್ಡಿರಲಿಲ್ಲ. ಕಲ್ಲು, ಎಲೆ, ಬೀಜ, ಹೂವು, ಚಿಪ್ಪುಗಳಿಂದಲೇ ಎಣಿಕೆ, ಬಣ್ಣ, ಆಕಾರ ಕಲಿಸಿದರು. ಇಂದು ‘ಸುಸ್ಥಿರತೆ’ಯೆಂಬ ದೊಡ್ಡ ಹೆಸರಿಟ್ಟು ವಿಚಾರಗೋಷ್ಠಿಗಳಲ್ಲಿ ಹೇಳುವುದನ್ನು ಆ ಇಬ್ಬರು ಹೆಂಗಸರು ಬಡತನದ ಅನಿವಾರ್ಯದಿಂದಲೇ ಮಾಡಿ ತೋರಿಸಿದ್ದರು. ಜರ್ಮನಿಯಲ್ಲಿ ಫ್ರೋಬೆಲ್ 1840ರಲ್ಲಿ ‘ಮಕ್ಕಳ ತೋಟ’ ಎಂಬರ್ಥದ ಕಿಂಡರ್‌ಗಾರ್ಟನ್ ಹೆಸರಿಟ್ಟಾಗಲೂ ಪ್ರತಿ ಮಗುವಿಗೊಂದು ಪಾತಿ ಮಣ್ಣು ಇರಬೇಕೆಂದೇ ಹೇಳಿದ್ದ. ತೋಟ ಹೋಗಿ ಹೆಸರು ಮಾತ್ರ ಉಳಿದದ್ದು ಆಮೇಲಿನ ಕಥೆ.

ಸರಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಈ ಅಂಗನವಾಡಿಯೆಂಬ ಹೆಸರನ್ನೇ ಹಿಡಿಯಿತು. ಅದು ಆರಂಭವಾದುದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದ ತಿರುಮಕೂಡಲು ನರಸೀಪುರ, ಕೇರಳದ ವೇಂಗರ ಮೊದಲ ಪಟ್ಟಿಯಲ್ಲಿದ್ದವು. ಈಗ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ತೂಕ ನೋಡುವುದು, ಚುಚ್ಚುಮದ್ದು, ಆಹಾರ, ತಾಯಂದಿರ ಲೆಕ್ಕ, ಮೊಬೈಲಿನಲ್ಲಿ ವರದಿ, ಇವೆಲ್ಲವೂ ಒಬ್ಬಾಕೆಯ ತಲೆಯ ಮೇಲೆ. ಇದರ ನಡುವೆ ಉಳಿದ ಸಮಯದಲ್ಲಿ ಮಕ್ಕಳಿಗೆ ಕಲಿಸಬೇಕು. ಆದುದರಿಂದ ನಾವು ಇಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಮೇಲೆ ದೂರು ಹೊರಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು.

ಯೆಣೆಗೂರಿನ ಸುತ್ತ ಒಂದು ಅಂಗನವಾಡಿ ಮಾಡಬಹುದಾದ ಪರಿಸರ ಪಾಠ ಯಾವುದು? ದೇವರು ಕೊಟ್ಟಂತೆ ಅದು ಅಲ್ಲಿ ಸಿದ್ಧವಾಗಿಯೇ ಇದೆ. ಮಾರ್ಗಶಿರದ ಅಮಾವಾಸ್ಯೆ, ಎಂದರೆ ಡಿಸೆಂಬರ್ ಕೊನೆ ಅಥವಾ ಜನವರಿಯ ಹೊತ್ತಿಗೆ, ಬೀದರ್, ಕಲಬುರಗಿ, ಲಾತೂರು, ಧಾರಾಶಿವ ಕಡೆಯವರು ಎಳ್ಳಮಾವಾಸ್ಯೆ ಮಾಡುತ್ತಾರೆ. ಲಾತೂರು ಕಡೆಯ ಮರಾಠಿಗರು ಅದನ್ನು ‘ಯೇಳವಸ’ ಎನ್ನುತ್ತಾರೆ. ನಮ್ಮ ಶಬ್ದವೇ ಬಾಯಿಂದ ಬಾಯಿಗೆ ಹೋಗಿ ಹಾಗಾಯಿತೆಂದು ಕೇಳಿದೊಡನೆ ಅನಿಸುತ್ತದೆ. ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ಕಣಿಕೆಯಿಂದ ಪುಟ್ಟ ಗುಡಿಸಲು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆಗೆ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಅಂಬಲಿ, ಬಗೆಬಗೆಯ ಕಾಳು ಸೊಪ್ಪುಗಳನ್ನು ಸೇರಿಸಿ ಬೇಯಿಸಿದ ಭಜ್ಜಿ ಉಣ್ಣುತ್ತಾರೆ. ನೆಂಟರು, ದಾರಿಹೋಕರು, ಜಾತಿ ಭಾಷೆಯ ಭೇದವಿಲ್ಲದೆ ಎಲ್ಲರಿಗೂ ಕರೆ.

ಈ ಭಜ್ಜಿಯ ಪಾತ್ರೆಯೊಂದನ್ನೇ ಮುಂದಿಟ್ಟುಕೊಂಡು ಒಂದು ವಾರ ಪಾಠ ಮಾಡಬಹುದು. ಎಷ್ಟು ಬಗೆಯ ಕಾಳು? ಯಾವುದು ಯಾವ ಗಿಡದ್ದು? ಮಗು ಆರಿಸಿ ಗುಂಪು ಮಾಡಲಿ, ಎಣಿಸಲಿ, ಒಂದೊಂದನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಲಿ. ಹಿಂದೆ ಜೋಳದ ಸಾಲಿನ ನಡುವೆ ಅಕ್ಕಡಿ ಸಾಲಾಗಿ ಬಗೆಬಗೆಯ ಕಾಳು ಬಿತ್ತುತ್ತಿದ್ದರು; ಹಬ್ಬದ ಭಜ್ಜಿ ಆ ಹೊಲದ ಲೆಕ್ಕಪತ್ರವೇ ಆಗಿತ್ತು. ಈಗ ಲಾತೂರು, ಧಾರಾಶಿವ ಜಿಲ್ಲೆಗಳ ಮುಂಗಾರು ಹೊಲವನ್ನು ಸೋಯಾ ಆವರಿಸಿದೆ, ನೀರಿದ್ದ ಕಡೆ ಕಬ್ಬು. ಭಜ್ಜಿಗೆ ಬೇಕಾದ ಕಾಳನ್ನು ಅಂಗಡಿಯಿಂದ ತರುವ ಮನೆಗಳೂ ಇವೆ. ಇದು ಸರಿಯೋ ತಪ್ಪೋ ಎಂಬ ತೀರ್ಪನ್ನು ನಾಲ್ಕು ವರ್ಷದ ಮಗುವಿಗೆ ಹೇಳಬೇಕಾದುದಿಲ್ಲ. ಆದರೆ ‘ನಮ್ಮ ಹೊಲದ ಕಾಳು ಯಾವುದು, ಅಂಗಡಿಯದು ಯಾವುದು’ ಎಂದು ಎರಡು ಗುಂಪು ಮಾಡಿಸಿದರೆ ಮಗು ಮನೆಗೆ ಹೋಗಿ ಅಪ್ಪನನ್ನು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರಿಸಬೇಕಾದವನು ಅಪ್ಪ.

ನೀರಿನ ಪಾಠವೂ ಹಾಗೆಯೇ. ಆ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700-800 ಮಿಲ್ಲಿಮೀಟರ್. ನಮ್ಮಲ್ಲಿ 3,500ರ ಆಸುಪಾಸು. 2016ರ ಏಪ್ರಿಲಿನಲ್ಲಿ ಲಾತೂರು ನಗರಕ್ಕೆ ಮಿರಜಿನಿಂದ ರೈಲಿನಲ್ಲಿ ನೀರು ತಂದುದನ್ನು ಓದುಗರು ಮರೆತಿರಲಾರರು. ಮೊದಲ ರೈಲಿನಲ್ಲಿ ಹತ್ತು ಟ್ಯಾಂಕರು, ಸುಮಾರು 5 ಲಕ್ಷ ಲೀಟರ್ ನೀರು ಬಂದಿತ್ತು. ಆದರೆ ಅದೇ ನೆಲದ ಎರೆ ಮಣ್ಣು ಮಳೆಗಾಲದ ನೀರನ್ನು ಕುಡಿದು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆಯೂ ಹಿಂಗಾರು ಜೋಳವನ್ನು ಬೆಳೆಸುತ್ತದೆ. ಬೇಸಿಗೆಯಲ್ಲಿ ಮಗುವಿನ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಎರಡು ಡಬ್ಬಿಗಳ ತಳಕ್ಕೆ ತೂತು ಮಾಡಿ, ಒಂದಕ್ಕೆ ಎರೆ ಮಣ್ಣು, ಇನ್ನೊಂದಕ್ಕೆ ಮರಳು ತುಂಬಿ, ಒಂದೊಂದು ಲೋಟ ನೀರು ಹೊಯ್ದು ಕೆಳಗಿನಿಂದ ಎಷ್ಟು ಬಂತೆಂದು ನೋಡಿಸಿದರೆ, ರೈಲಿನ ಕಥೆಗಿಂತ ದೊಡ್ಡ ಪಾಠ ಅಲ್ಲಿ ಆಗಿಹೋಗುತ್ತದೆ. ಖರ್ಚು ಏನೂ ಇಲ್ಲ. ಬೇಕಾದುದು ಒಂದೇ: ‘ಎರೆ’ ಎಂದು ಮಗು ಹೇಳಿದಾಗ ಅದೇನೆಂದು ತಿಳಿಯುವ ಒಬ್ಬಾಕೆ ಎದುರಿಗಿರಬೇಕು.

ಅದೇ ನೆಲ 1993ರ ಸೆಪ್ಟಂಬರ್ 30ರ ಬೆಳಗಿನ ಜಾವ ನಡುಗಿ, ಕಿಲ್ಲಾರಿಯ ಸುತ್ತಲಿನ ಔಸಾ, ಉಮರ್ಗಾ ತಾಲೂಕುಗಳಲ್ಲಿ ಸಾವಿರಾರು ಜನ ಕಲ್ಲುಮಣ್ಣಿನ ಮನೆಗಳಡಿ ಸತ್ತರು. ಅನೇಕ ಊರುಗಳನ್ನು ಹೊಸ ಜಾಗಕ್ಕೆ ಎಬ್ಬಿಸಬೇಕಾಯಿತು. ಹೊಸ ಊರುಗಳಲ್ಲಿ ನೇರ ರಸ್ತೆ, ಸಿಮೆಂಟಿನ ಮನೆ ಬಂದವು. ಹಳೆಯ ಬೇವಿನ ನೆರಳು ತರಲು ಯಾರಿಗೂ ಆಗಲಿಲ್ಲ. ಅಂಗಳವೆಂಬುದು ಹುಟ್ಟಿನಿಂದ ಬರುವ ಆಸ್ತಿಯೇನಲ್ಲ, ಕೆಲವು ಕಡೆ ಅದನ್ನು ಮತ್ತೆ ಮಾಡಿಕೊಳ್ಳಬೇಕಾಗುತ್ತದೆ ಎಂಬುದಕ್ಕಾಗಿ ಇದನ್ನು ಹೇಳಿದೆವು.

ಕಾನೂನಿನ ಮಾತಿಗೆ ಬರೋಣ. ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಲು ಪ್ರಯತ್ನಿಸಬೇಕೆಂದು ಪ್ರತಿ ರಾಜ್ಯಕ್ಕೂ ಹೇಳುತ್ತದೆ. ನಮ್ಮ ನಾಡು ಕಡಿದು ಹೋದ 1956ರ ನವಂಬರ್ 1ರಂದೇ ಅದೂ ಜಾರಿಗೆ ಬಂದುದು. ಅದರ ಬಲದಿಂದಲೇ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯೂ ಇವೆ. ಆದರೆ ವಿಧಿ ಹೇಳಿರುವುದು ಪ್ರಾಥಮಿಕ ಹಂತವನ್ನು. ಅಂಗನವಾಡಿ ಅದಕ್ಕೂ ಮೊದಲಿನದು. 1956ರಲ್ಲಿ ಸರಕಾರ ಮೂರು ವರ್ಷದ ಮಗುವಿಗೂ ಪಾಠ ಹೇಳೀತೆಂದು ಯಾರಿಗೂ ತೋರಿರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. ಸಾಧ್ಯವಿದ್ದಲ್ಲೆಲ್ಲ ಮನೆಮಾತಿನಲ್ಲಿ ಕಲಿಸಬೇಕೆಂದಿತು. ‘ಸಾಧ್ಯವಿದ್ದಲ್ಲೆಲ್ಲ’ ಎಂಬ ಮಾತಿನ ಬಾಗಿಲು ಎಷ್ಟು ಅಗಲವೆಂದು ಗಡಿನಾಡಿನವರಿಗೆ ಚೆನ್ನಾಗಿ ಗೊತ್ತು. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರಲ್ಲೇ ಆಜ್ಞೆ ಮಾಡಿದೆ, ಅದೂ ಶಾಲೆ ಕಾಲೇಜುಗಳಿಗೆ. ಹೀಗೆ ಭಾಷೆಯ ಕಾನೂನು, ಪರಿಸರದ ಆಜ್ಞೆ ಎರಡೂ ಒಂದನೆಯ ತರಗತಿಯ ಹೊಸ್ತಿಲಲ್ಲಿ ನಿಂತಿವೆ. ಹೆಸರು ಕಲಿಯುವ ವಯಸ್ಸಿನ ಮಗು ಹೊಸ್ತಿಲ ಹೊರಗಿದೆ.

ನಮ್ಮ ಕಡೆಯ ಸ್ಥಿತಿಯನ್ನು ಹೇಳದೆ ಯೆಣೆಗೂರಿನ ಮಾತನ್ನಷ್ಟೇ ಆಡುವುದು ನ್ಯಾಯವಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದಾಗ ನಾವು ಸಭೆ ಸೇರಿಸುತ್ತೇವೆ, ಮನವಿ ಕೊಡುತ್ತೇವೆ, ಕೊಡಲೇಬೇಕು. ಅಂಗನವಾಡಿಯ ವಿಷಯದಲ್ಲಿ ಅಷ್ಟು ಗಲಾಟೆ ಏಳುವುದಿಲ್ಲ. ‘ಚಿಕ್ಕ ಮಕ್ಕಳು, ಆಡಿಕೊಂಡಿರಲಿ’ ಎಂಬ ಭಾವ. ಇನ್ನೂ ಒಂದು ಮಾತು. ಸಪ್ತಭಾಷಾ ಸಂಗಮವೆಂದು ನಾವು ಭಾಷಣದಲ್ಲಿ ಹೇಳಿಕೊಳ್ಳುವ ಈ ನಾಡಿನಲ್ಲಿ ಕನ್ನಡ ಅಂಗನವಾಡಿಗೆ ಬರುವ ಮಗುವಿನ ಮನೆಮಾತು ತುಳುವಾಗಿರಬಹುದು, ಮಲಯಾಳವಾಗಿರಬಹುದು, ಕೊಂಕಣಿ, ಬ್ಯಾರಿ, ಮರಾಠಿಯಾಗಿರಬಹುದು. ಆ ಮಗು ‘ಪೆಲಕಾಯಿ’ ಎಂದಾಗ ‘ಹಲಸು ಅನ್ನು’ ಎಂದು ತಿದ್ದುವ ಕನ್ನಡ ಟೀಚರಿಗೂ, ‘ಹಲಸು’ ಎಂದಾಗ ‘ಚಕ್ಕ’ ಎಂದು ತಿದ್ದುವ ಮಲಯಾಳ ಟೀಚರಿಗೂ ನಾವು ವ್ಯತ್ಯಾಸ ಕಾಣೆವು. ಎರಡೂ ಹೆಸರನ್ನು ಹೇಳಿಸಿ, ಮೂರನೆಯದು ಯಾರ ಮನೆಯಲ್ಲಿದೆ ಎಂದು ಕೇಳುವವಳೇ ಒಳ್ಳೆಯ ಟೀಚರು. ಇನ್ನು, ಇವೆರಡೂ ಬೇಡವೆಂದು ದುಡ್ಡು ಕೊಟ್ಟು ಇಂಗ್ಲಿಷ್ ನರ್ಸರಿಗೆ ಕಳುಹಿಸಿ, ಪ್ಲಾಸ್ಟಿಕ್ಕಿನ ಹುಲ್ಲುಹಾಸಿನ ಮೇಲೆ ಮಕ್ಕಳನ್ನು ಕೂರಿಸುವ ಕನ್ನಡಾಭಿಮಾನಿಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಪರಿಸರವೆಂದರೆ ಏನೆಂದು ಕಾಸರಗೋಡಿಗೆ ಬೇರೆಯವರು ಹೇಳಬೇಕಾಗಿಲ್ಲ. ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ರ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಬಾವಿಗಳನ್ನು ಮುಚ್ಚಿಕೊಳ್ಳಿರೆಂಬ ಸೂಚನೆ ಬರುತ್ತಿತ್ತು. ತೋಡನ್ನು ಮುಚ್ಚುವುದು ಹೇಗೆ? ಎಣ್ಮಕಜೆ ಮೊದಲಾದ ಪಂಚಾಯತುಗಳ ಮನೆಗಳಲ್ಲಿ ಅದರ ಫಲವನ್ನು ಇಂದಿಗೂ ತಾಯಂದಿರು ಎತ್ತಿಕೊಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿ ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳೂ ನಿಷೇಧಕ್ಕೆ ಒಪ್ಪಿದವು. ಈ ಕಥೆಯನ್ನು ಮೂರು ವರ್ಷದ ಮಗುವಿಗೆ ಹೇಳಬೇಕೆನ್ನುವವರಲ್ಲ ನಾವು. ಆದರೆ ಜೇನುನೊಣ ಕಡಿಮೆಯಾದುದನ್ನು, ತೋಡಿನ ಮೀನು ಸತ್ತುದನ್ನು ಮೊದಲು ಕಂಡವರು ಯಾರೆಂದು ನೆನೆದುಕೊಂಡರೆ ಸಾಕು. ಅವನ್ನು ಹೆಸರು ಹಿಡಿದು ಬಲ್ಲವರು, ದಿನಾ ಆ ದಾರಿಯಲ್ಲಿ ನಡೆಯುವವರು. ಹೆಸರು ಗೊತ್ತಿಲ್ಲದ ಜೀವ ಇಲ್ಲವಾದರೆ ಇಲ್ಲವಾದುದೇ ತಿಳಿಯುವುದಿಲ್ಲ.

ಹಾಗಾದರೆ ನಮ್ಮ ಅಂಗನವಾಡಿಗಳಲ್ಲಿ ಆಗಬೇಕಾದುದೇನು? ಸಾಮಗ್ರಿಗೆ ಕೊರತೆಯಿಲ್ಲ. ಗೆರಟೆ, ಹಾಳೆ, ಸೋಗೆ, ಗೇರುಬೀಜ, ಮಂಜಟ್ಟಿ ಕಾಳು, ಮುರಕಲ್ಲಿನ ಚೂರು ಎಲ್ಲವೂ ಬಾಗಿಲಲ್ಲೇ ಇವೆ. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ವನ್ನು ಹೊರತಂದ ಸೀಮೆಯಿದು, ಮಕ್ಕಳಿಗೆ ಲೋಕವನ್ನು ಕನ್ನಡದಲ್ಲಿ ಹೇಳಲು ಆಗುವುದಿಲ್ಲವೆಂಬ ನೆಪ ಇಲ್ಲಿ ನಡೆಯುವುದಿಲ್ಲ. ಪ್ರತಿ ಅಂಗನವಾಡಿಯೂ ತನ್ನ ಸುತ್ತ ಅರ್ಧ ಫರ್ಲಾಂಗಿನೊಳಗಿನ ಗಿಡ, ಹಕ್ಕಿ, ಹುಳ, ಕಲ್ಲು, ನೀರಿನ ಹೆಸರುಗಳನ್ನು ಮಕ್ಕಳ ಮನೆಮಾತುಗಳಲ್ಲೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಹೇಳಿಕೊಡಲು ಅಜ್ಜಿಯಂದಿರು ಬರಲಿ. ಅವರಿಗೆ ಸಂಬಳ ಬೇಡ, ಒಂದು ಲೋಟ ಚಾ ಸಾಕು. ಕಾರ್ಯಕರ್ತೆ ವರ್ಗವಾಗಿ ಹೋದರೂ ಪುಸ್ತಕ ಅಲ್ಲಿಯೇ ಇರಲಿ, ಮುಂದೆ ಬರುವಾಕೆ ಯಾವ ಭಾಷೆಯವಳಾದರೂ ಅದನ್ನು ನೋಡಿ ಕಲಿಯಲಿ. ಯೆಣೆಗೂರಿನ ಸೇವಿಕೆಗೂ ಇದು ಅಸಾಧ್ಯವಲ್ಲ. ಆಕೆಯ ಮಕ್ಕಳೇ ಆಕೆಗೆ ಕನ್ನಡ ಕಲಿಸಿಯಾರು.

ಅಲ್ಲಿ ಎಳ್ಳಮಾವಾಸ್ಯೆ ಬರುವ ಹೊತ್ತಿಗೇ ನಮ್ಮಲ್ಲಿ ತೋಡುಗಳಿಗೆ ಕಟ್ಟ ಕಟ್ಟುವ ಕಾಲ. ಏತಡ್ಕದಂತಹ ಕಡೆಗಳಲ್ಲಿ ಹೊಳೆಗೆ ಸಾಲು ಕಟ್ಟಗಳನ್ನು ಹಾಕಿ, ಬೇಸಿಗೆಗೆ ನೀರು ನಿಲ್ಲಿಸುವ ಪದ್ಧತಿ ಹಿರಿಯರ ಕಾಲದಿಂದ ಇದೆ. ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ ಹಿಡಿದು ಊರವರು ನೀರಿಗಿಳಿಯುತ್ತಾರೆ. ಬಾಯಾರು, ಪಡ್ರೆ ಕಡೆ ಗುಡ್ಡೆಯ ಹೊಟ್ಟೆಗೆ ಕೊರೆದ ಸುರಂಗದಿಂದ ನೂಲಿನಂತೆ ನೀರು ಬರುತ್ತದೆ. ಇದನ್ನು ನೋಡಲು ಅಂಗನವಾಡಿಯ ಮಕ್ಕಳನ್ನು ಕರೆದೊಯ್ಯಲು ಇಲಾಖೆಯ ಅಪ್ಪಣೆ ಬೇಕೋ ಬೇಡವೋ, ತಾಯಂದಿರ ಒಪ್ಪಿಗೆ ಬೇಕು, ಮಗುವಿಗೊಬ್ಬರಂತೆ ಕೈಹಿಡಿಯುವವರು ಬೇಕು. ದಡದಲ್ಲಿ ಕೂರಿಸಿ, ಕಟ್ಟದ ಈಚೆ ನೀರು ಏರುವುದನ್ನು ನೋಡಲು ಬಿಡಬೇಕು. ಕೇಳಿದರೆ ಮಾತ್ರ ಹೆಸರು ಹೇಳಬೇಕು. ಮುಂದಿನ ಡಿಸೆಂಬರಿನಲ್ಲಿ ಯಾವುದಾದರೂ ಊರಿನ ಕಟ್ಟದ ಕೆಲಸಕ್ಕೆ ದಿನ ಗೊತ್ತಾದಾಗ, ಹತ್ತಿರದ ಅಂಗನವಾಡಿಗೂ ಒಂದು ಮಾತು ತಿಳಿಸುವಂತೆ ಊರಿನ ಹಿರಿಯರಲ್ಲಿ ಕೇಳಿಕೊಳ್ಳುತ್ತೇವೆ.